ಆಪರೇಶನ್ ಸಾಮಾನು ತೊಳೆದದ್ದಾಯಿತು; ತೊಳೆದದ್ದನ್ನು ನೋಡಿದವರು ಯಾರು?

ಮಿರಜ: ಕುಡಚಿ, ರಾಯಬಾಗ, ಉಗಾರ, ಶೇಡಬಾಳ ಕಡೆಯ ರೈಲು ಮಿರಜ ಜಂಕ್ಷನ್‌ಗೆ ಬಂದು ನಿಂತಿತೆಂದರೆ ಇಳಿಯುವವರಲ್ಲಿ ಎಷ್ಟೋ ಜನರ ಕೈಯಲ್ಲಿ ಎಕ್ಸ್‌ರೇ ಪಾಕೀಟು, ಹೆಗಲಿಗೆ ಬುತ್ತಿಯ ಗಂಟು. ಕಾಗವಾಡ, ಅಥಣಿ, ಜತ್ತ ಕಡೆಯವರು ಬಸ್ಸಿಗೆ, ಇಲ್ಲವೇ ವಡಾಪ್ ಜೀಪಿಗೆ ಬರುತ್ತಾರೆ. ಬೆಳಗಾವಿ, ಹುಬ್ಬಳ್ಳಿ ದೂರ. ಮಿರಜ, ಸಾಂಗಲಿ ಹತ್ತಿರ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಇಲ್ಲಿ ಮಿಶನ್ ಆಸ್ಪತ್ರೆ ತೆರೆದಂದಿನಿಂದ ಗಡಿಯ ಎರಡೂ ಬದಿಯ ಕನ್ನಡಿಗರಿಗೆ ದೊಡ್ಡ ದವಾಖಾನಿ ಎಂದರೆ ಮಿರಜ ಎಂಬಂತಾಗಿದೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ಆಮೇಲೆ ಮಿರಜದಿಂದ ಸಾಂಗಲಿವರೆಗಿನ ರಸ್ತೆಯುದ್ದಕ್ಕೂ ಆಸ್ಪತ್ರೆಗಳೇ ಆಸ್ಪತ್ರೆಗಳು.

ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಡಾಕ್ಟರರ ಕೈಗುಣ ಚಲೋ? ಖರ್ಚು ಎಷ್ಟಾದೀತು? ಯೋಜನೆಯ ಕಾರ್ಡು ನಡೆಯುತ್ತದೋ ಇಲ್ಲವೋ? ಎಷ್ಟು ದಿನಕ್ಕೆ ಬಿಡುತ್ತಾರೆ? ಹೊಟ್ಟೆ ಕೊಯ್ಯುವ ಕತ್ತರಿ, ಚಿಮಟ ತೊಳೆದವರು ಯಾರು, ತೊಳೆದದ್ದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಹಳ್ಳಿಯ ಹಿರಿಯರೊಬ್ಬರು ಧೈರ್ಯ ಮಾಡಿ ‘ಡಾಕ್ಟರ್ ಸಾಹೇಬ್ರ, ಸಾಮಾನ ಎಲ್ಲಾ ಸ್ವಚ್ಛ ಅದಾವಲ್ರಿ?’ ಎಂದು ಕೇಳಿದರೂ ಸಿಗುವ ಉತ್ತರ ಗೊತ್ತಿದ್ದದ್ದೇ: ‘ಕಾಕಾ, ಕಾಳಜಿ ಮಾಡಬ್ಯಾಡ್ರಿ, ಎಲ್ಲಾ ಆಟೋಕ್ಲೇವ್ ಆಗೇತಿ.’

ಉತ್ತರ ಸುಳ್ಳಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ. ಆಟೋಕ್ಲೇವ್ ಎಂಬುದು ಉಗಿಯಿಂದ ರೋಗಾಣು ಕೊಲ್ಲುವ ಯಂತ್ರ. ಅದು ತೊಳೆಯುವುದಿಲ್ಲ.

ಹಾಲಿನ ಬೋಗಾಣಿಯ ನ್ಯಾಯ

ಈ ವ್ಯತ್ಯಾಸ ಮನೆಯ ಹೆಣ್ಣುಮಕ್ಕಳಿಗೆ ಯಾವ ಎಂಜಿನಿಯರನಿಗಿಂತಲೂ ಚೆನ್ನಾಗಿ ಗೊತ್ತು. ಹಾಲು ಕಾಸಿದ ಬೋಗಾಣಿಗೆ ಮೊದಲೇ ಕುದಿನೀರು ಸುರಿದರೆ ಕೆನೆ ತಳಕ್ಕೆ ಹಿಡಿದು ಕೂಡುತ್ತದೆ. ಮೊದಲು ತಣ್ಣೀರು, ಆಮೇಲೆ ಉಜ್ಜುವುದು, ಕೊನೆಗೆ ಬಿಸಿನೀರು. ರಕ್ತದ್ದೂ ಇದೇ ನ್ಯಾಯ. ರಕ್ತದಲ್ಲಿ ಪ್ರೋಟೀನ್ ಇದೆ. ಮೊಟ್ಟೆ ಬೆಂದು ಗಟ್ಟಿಯಾಗುವಂತೆ ಅದೂ ಕಾವಿಗೆ ಗಟ್ಟಿಯಾಗುತ್ತದೆ. ಹೀಗಾಗಿ ಮೊದಲ ನೀರು 45 ಡಿಗ್ರಿ ಸೆಲ್ಸಿಯಸ್ ದಾಟಬಾರದು ಎಂಬುದು ಈ ಕೆಲಸದ ಮೂಲಪಾಠ. ಆಪರೇಶನ್ ಮುಗಿದ ಮೇಲೆ ಸಾಮಾನು ಒಣಗಲು ಬಿಡಬಾರದು, ಒದ್ದೆ ಬಟ್ಟೆ ಮುಚ್ಚಿ ಬೇಗ ತೊಳೆಯಲು ಒಯ್ಯಬೇಕು ಎಂಬುದು ಎರಡನೆಯದು.

ಸರಿಯಾಗಿ ತೊಳೆಯದ ಸಾಮಾನನ್ನು ಆಟೋಕ್ಲೇವ್‌ಗೆ ಹಾಕಿದರೆ ಏನಾಗುತ್ತದೆ? 121 ಡಿಗ್ರಿಯಲ್ಲಿ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ 3 ನಿಮಿಷ ಹಿಡಿದರೆ ಉಗಿ ತಾನು ಮುಟ್ಟಿದ್ದನ್ನೆಲ್ಲ ಕೊಲ್ಲುತ್ತದೆ. ಒಣಗಿದ ರಕ್ತದ ಪದರಿನ ಕೆಳಗೆ ಅದು ಮುಟ್ಟುವ ಖಾತ್ರಿ ಇಲ್ಲ. ಮುಟ್ಟಿ ಕೊಂದರೂ ಸತ್ತ ರೋಗಾಣುವಿನ ಅವಶೇಷ, ಹಿಂದಿನ ರೋಗಿಯ ರಕ್ತದ ಚೂರು ಅಲ್ಲೇ ಇರುತ್ತದೆ, ಮುಂದಿನ ರೋಗಿಯ ದೇಹಕ್ಕೆ ಹೋಗುತ್ತದೆ. ಪೊಟ್ಟಣದ ಮೇಲಿನ ಪಟ್ಟಿ ಕಪ್ಪಗಾಗಿರುವುದನ್ನು ತೋರಿಸಿ ‘ಇದು ಸ್ಟೆರೈಲ್’ ಎನ್ನುತ್ತಾರಲ್ಲ, ಆ ಪಟ್ಟಿ ಹೇಳುವುದು ಪೊಟ್ಟಣ ಆಟೋಕ್ಲೇವ್‌ನ ಕಾವು ಕಂಡಿದೆ ಎಂಬುದನ್ನಷ್ಟೇ. ಒಳಗಿನ ಕತ್ತರಿ ಅದಕ್ಕೂ ಮೊದಲು ಹೇಗಿತ್ತು ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಕೊಳೆ ಅಡಗಿ ಕೂಡುವ ಜಾಗ ಬೇರೆಯೇ ಇರುತ್ತವೆ. ರಕ್ತನಾಳ ಹಿಡಿಯುವ ಚಿಮಟದ ಬಾಯಿಯ ಗೀರುಗಳು, ಎರಡು ತೋಳು ಕೂಡುವ ಕೀಲು, ಹಿಡಿಕೆಯ ಹಲ್ಲು. ಎಲ್ಲಕ್ಕಿಂತ ಹೆಚ್ಚಾಗಿ ಉದ್ದನೆಯ ಟೊಳ್ಳು ನಳಿಗೆಗಳು. ಕತ್ತರಿ ಬಾಯಿ ಮುಚ್ಚಿಕೊಂಡೇ ತೊಳೆದರೆ ಕೀಲಿಗೆ ನೀರೇ ಹೋಗುವುದಿಲ್ಲ. ಹೊರಗಿನಿಂದ ನೋಡಿದರೆ ಬೆಳ್ಳಿಯಂತೆ ಥಳಥಳ.

ತೊಳೆಯುವವರು ಯಾರು?

ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೆ ವಾಷರ್ ಯಂತ್ರ ಇರುತ್ತದೆ. ಮೊದಲು ತಣ್ಣೀರು, ನಂತರ ಡಿಟರ್ಜೆಂಟ್, ಮತ್ತೆ ನೀರು, ಕೊನೆಗೆ 90 ಡಿಗ್ರಿ ಬಿಸಿನೀರು, ಆಮೇಲೆ ಒಣಗಿಸುವುದು. ಎಲ್ಲವೂ ತಾನಾಗಿಯೇ ನಡೆಯುತ್ತದೆ. 90 ಡಿಗ್ರಿಯಲ್ಲಿ ಒಂದು ನಿಮಿಷವೋ ಐದು ನಿಮಿಷವೋ ಎಂಬುದಕ್ಕೂ ಲೆಕ್ಕವಿದೆ. ರಕ್ತದಿಂದ ಹರಡುವ ವೈರಾಣುಗಳ ಭಯವಿದ್ದಲ್ಲಿ ಐದು ನಿಮಿಷ ಹಿಡಿಯುತ್ತಾರೆ. ಈ ಯಂತ್ರ ಹೇಗಿರಬೇಕು, ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದಕ್ಕೆ ಐಎಸ್‌ಒ 15883 ಎಂಬ ಅಂತಾರಾಷ್ಟ್ರೀಯ ಮಾನದಂಡ 2006ರಲ್ಲೇ ಬಂದಿದೆ.

ಸಣ್ಣ ನರ್ಸಿಂಗ್ ಹೋಂಗಳಲ್ಲಿ ವಾಷರ್ ಎಂದರೆ ಯಂತ್ರವಲ್ಲ, ಮಾವಶಿ. ಹೆಸರು ಹಿಡಿದು ಕರೆಯದೆ ಡಾಕ್ಟರರಿಂದ ರೋಗಿಯವರೆಗೆ ಎಲ್ಲರೂ ‘ಮಾವಶಿ’ ಎಂದೇ ಕರೆಯುವ ಆ ಹೆಣ್ಣುಮಗಳು ಸಿಂಕಿನ ಮುಂದೆ ನಿಂತು ಬ್ರಶ್ಶಿನಿಂದ ಒಂದೊಂದೇ ಸಾಮಾನು ಉಜ್ಜುತ್ತಾಳೆ. ಅವಳ ಸಂಬಳವನ್ನೂ ಅವಳ ಜವಾಬ್ದಾರಿಯನ್ನೂ ತಕ್ಕಡಿಗೆ ಹಾಕಿ ನೋಡಿದರೆ ಯಾವುದು ಮೇಲೇಳುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹರಿತವಾದ ಸಾಮಾನು ಚುಚ್ಚಿ ಹಿಂದಿನ ರೋಗಿಯ ಕಾಮಾಲೆಯೋ ಎಚ್‌ಐವಿಯೋ ತನಗೆ ಅಂಟಿಕೊಳ್ಳುವ ಅಪಾಯ ಅವಳಿಗೂ ಇದೆ. ಅದಕ್ಕೇ ದಪ್ಪ ಕೈಗವಸು ಬೇಕು; ನೀರು ಮುಖಕ್ಕೆ ಸಿಡಿಯದಂತೆ ಸಾಮಾನನ್ನು ನೀರೊಳಗೆ ಮುಳುಗಿಸಿಯೇ ಉಜ್ಜಬೇಕು. ಇದನ್ನೆಲ್ಲ ಅವಳಿಗೆ ಯಾರಾದರೂ ಕೂತು ಕಲಿಸಬೇಕು. ಹಿಂದಿನ ಮಾವಶಿಯನ್ನು ನೋಡಿ ಕಲಿತದ್ದೇ ತರಬೇತಿ ಎಂದರೆ ಹೇಗೆ?

ಹಳೆಯ ರೂಢಿಯೊಂದು ಇನ್ನೂ ಹಲವೆಡೆ ಬಿಟ್ಟಿಲ್ಲ. ಆಪರೇಶನ್ ಆದ ಕೂಡಲೇ ಸಾಮಾನನ್ನು ಬ್ಲೀಚಿಂಗ್ ದ್ರಾವಣದಲ್ಲಿ ನೆನೆಹಾಕುವುದು. ಇದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಕೈಪಿಡಿಯಲ್ಲಿ ಹೇಳಿದೆ. ರಕ್ತ ಇದ್ದಲ್ಲಿ ಔಷಧದ ಶಕ್ತಿ ಕುಗ್ಗುತ್ತದೆ, ಸ್ಟೀಲಿಗೆ ತುಕ್ಕು ಹಿಡಿದು ಸಣ್ಣ ಸಣ್ಣ ಕುಳಿ ಬೀಳುತ್ತವೆ. ಆ ಕುಳಿಗಳಲ್ಲೇ ಮುಂದಿನ ಕೊಳೆ ಮನೆಮಾಡುತ್ತದೆ. ಬೋರ್ ನೀರಿನ ಗಡಸುತನವೂ ಸಾಲದ್ದಕ್ಕೆ ಸೇರಿಕೊಂಡರೆ ಡಿಟರ್ಜೆಂಟ್ ನೊರೆ ಬಿಡುವುದಿಲ್ಲ, ಸಾಮಾನಿನ ಮೇಲೆ ಬಿಳಿ ಹೊಟ್ಟು ಕೂಡುತ್ತದೆ. ಕುಡಿಯಲಿಕ್ಕೆ ಆರ್‌ಒ ನೀರು ಊರೂರಿಗೆ ಬಂದಿರುವಾಗ ಸಾಮಾನಿನ ಕೊನೆಯ ತೊಳೆತಕ್ಕೆ ಅದೇ ನೀರು ಬಳಸಲು ಏನಡ್ಡಿ?

ಹಾಗೆಂದು ಯಂತ್ರ ತಂದರೆ ಎಲ್ಲ ಸರಿಹೋಯಿತು ಎನ್ನುವಂತೆಯೂ ಇಲ್ಲ. ಟ್ರೇಯಲ್ಲಿ ಅಳತೆ ಮೀರಿ ತುಂಬಿದರೆ, ನೀರು ಚಿಮ್ಮುವ ತೋಳಿನ ತೂತು ಕಟ್ಟಿಕೊಂಡರೆ, ಡಿಟರ್ಜೆಂಟ್ ಡಬ್ಬಿ ಖಾಲಿಯಾಗಿದ್ದರೆ ಯಂತ್ರ ತನ್ನಷ್ಟಕ್ಕೆ ತಿರುಗಿ ನಿಲ್ಲುತ್ತದೆ. ‘ಸೈಕಲ್ ಪೂರ್ಣ’ ಎಂದು ಚೀಟಿಯೂ ಬರುತ್ತದೆ. ಆ ಚೀಟಿಯಲ್ಲಿರುವುದು ಕಾವು ಎಷ್ಟು, ಹೊತ್ತು ಎಷ್ಟು ಎಂಬುದು. ಕೊಳೆ ಹೋಯಿತೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಅಂಗಡಿಯ ವೋಚರ್ ಸರಿಯಿದ್ದ ಮಾತ್ರಕ್ಕೆ ಗೋದಾಮಿನ ಮಾಲು ಸರಿಯಿದೆ ಎಂದು ಯಾವ ಆಡಿಟರನೂ ಸಹಿ ಹಾಕುವುದಿಲ್ಲ. ಗೋದಾಮಿಗೆ ಹೋಗಿ ಎಣಿಸುತ್ತಾನೆ.

ಸೆಟ್ ಎರಡು, ಆಪರೇಶನ್ ಆರು

ತೊಳೆತ ಕೆಡುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಸೋಮಾರಿತನ ಅಲ್ಲ, ಲೆಕ್ಕ. ಹೀಗೆ ತಿಳಿಯಿರಿ: ಒಂದು ಸಣ್ಣ ಆಸ್ಪತ್ರೆಯಲ್ಲಿ ದುರ್ಬೀನಿನ ಆಪರೇಶನ್‌ಗೆ ಎರಡೇ ಸೆಟ್ ಸಾಮಾನು ಇವೆ. ಹೊರಗಿನ ಡಾಕ್ಟರರು ವಾರಕ್ಕೊಮ್ಮೆ ಬರುತ್ತಾರೆ, ಅಂದೇ ಆರು ಆಪರೇಶನ್ ಇಟ್ಟುಕೊಂಡಿರುತ್ತಾರೆ. ಒಂದೊಂದು ಸೆಟ್ ಮೂರು ಸಲ ತಿರುಗಬೇಕು. ಮೊದಲ ರೋಗಿಯಿಂದ ಹೊರಬಂದ ಸಾಮಾನು ಮೂರನೆಯ ರೋಗಿಯ ಹೊತ್ತಿಗೆ ತಯಾರಾಗಬೇಕು. ನಡುವೆ ಸಿಗುವ ಹೊತ್ತಿನಲ್ಲಿ ಬಿಚ್ಚಬೇಕು, ತೊಳೆಯಬೇಕು, ನಳಿಗೆಯೊಳಗೆ ಬ್ರಶ್ ಹಾಕಬೇಕು, ಒಣಗಿಸಬೇಕು, ಜೋಡಿಸಬೇಕು, ಔಷಧದಲ್ಲಿ ಮುಳುಗಿಸಬೇಕು. ಇವುಗಳಲ್ಲಿ ಯಾವುದನ್ನು ಮೊಟಕುಗೊಳಿಸುತ್ತಾರೆ? ಔಷಧದ ಹೊತ್ತಿಗೆ ಗಡಿಯಾರ ಇಟ್ಟಿರುತ್ತಾರೆ. ತೊಳೆಯುವುದಕ್ಕೆ ಯಾರೂ ಗಡಿಯಾರ ಇಡುವುದಿಲ್ಲ. ಕತ್ತರಿ ಬೀಳುವುದು ಅಲ್ಲಿಯೇ.

ಪಿತ್ತಕೋಶದ ಕಲ್ಲು, ಹರ್ನಿಯಾ, ಸಂತಾನಹರಣ ಎಂದು ದುರ್ಬೀನಿನ ಆಪರೇಶನ್‌ಗಳು ಈಗ ಸರ್ವೇಸಾಮಾನ್ಯ. ಆ ಸಾಮಾನುಗಳಲ್ಲಿ ಕೆಲವು ಆಟೋಕ್ಲೇವ್‌ನ ಕಾವು ತಡೆಯುವುದಿಲ್ಲ ಎಂದು ಗ್ಲುಟರಾಲ್ಡಿಹೈಡ್ ಎಂಬ ದ್ರಾವಣದಲ್ಲಿ 20 ನಿಮಿಷ ಮುಳುಗಿಸಿ ತೆಗೆಯುವ ರೂಢಿ ದೇಶದ ತುಂಬ ಬೆಳೆಯಿತು. ಇದರ ಬೆನ್ನಿಗೇ ಒಂದು ವಿಚಿತ್ರ ಬೇನೆಯೂ ಬಂತು. ಗಾಯ ಮಾದಿರುತ್ತದೆ, ಹೊಲಿಗೆ ಬಿಚ್ಚಿರುತ್ತದೆ, ರೋಗಿ ಹೊಲಕ್ಕೂ ಹೋಗಲು ಶುರು ಮಾಡಿರುತ್ತಾನೆ. ಮೂರು ನಾಲ್ಕು ವಾರದ ಮೇಲೆ ಹೊಕ್ಕುಳ ಹತ್ತಿರದ ಸಣ್ಣ ಕಲೆಯಲ್ಲಿ ಗಂಟು ಏಳುತ್ತದೆ, ಕೀವು ಸೋರುತ್ತದೆ. ಸಾಮಾನ್ಯ ಆಂಟಿಬಯೋಟಿಕ್ ಎಷ್ಟು ಕೊಟ್ಟರೂ ಒಣಗುವುದಿಲ್ಲ. ಟಿ.ಬಿ. ಇರಬಹುದೆಂದು ಕೆಲವರಿಗೆ ಟಿ.ಬಿ. ಗುಳಿಗೆಯನ್ನೂ ಕೊಟ್ಟದ್ದುಂಟು. ಇದು ಟಿ.ಬಿ. ಅಲ್ಲ; ಟಿ.ಬಿ.ಯ ಸೋದರಸಂಬಂಧಿಯಾದ, ನೀರಿನಲ್ಲಿ ಬದುಕುವ ಮೈಕೋಬ್ಯಾಕ್ಟೀರಿಯಾ. ಉಪಚಾರ ತಿಂಗಳುಗಟ್ಟಲೆ. ಭಾರತದ ಒಂದು ಆಸ್ಪತ್ರೆಯಲ್ಲಿ ಇಂಥ ಸೋಂಕು ಸಾಲುಸಾಲಾಗಿ ಕಂಡಾಗ ಮೂಲ ಹುಡುಕುತ್ತ ಹೋದ ವೈದ್ಯರು 2006ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಔಷಧದಲ್ಲಿ ಮುಳುಗಿಸಿ ತೆಗೆದ ಸಾಮಾನನ್ನು ಕೊನೆಗೆ ಜಾಲಾಡಿಸುತ್ತಿದ್ದ ನೀರೇ ಮೂಲವಾಗಿತ್ತು! ಈ ಜಾತಿಯ ಕೆಲವು ರೋಗಾಣುಗಳು ಗ್ಲುಟರಾಲ್ಡಿಹೈಡ್‌ಗೂ ಜಗ್ಗುವುದಿಲ್ಲ ಎಂಬುದು ಸಿದ್ಧವಾಗಿದೆ.

ಕಣ್ಣಿನ ಪೊರೆ ತೆಗೆಸಲು ಬರುವ ಅಜ್ಜ-ಅಜ್ಜಿಯರ ಪಾಡು ಇನ್ನೊಂದು ಬಗೆ. ಅಲ್ಲಿ ರೋಗಾಣುವೇ ಬೇಕಾಗಿಲ್ಲ. ಸೂಜಿಯಂಥ ಸಣ್ಣ ನಳಿಗೆಯೊಳಗೆ ಡಿಟರ್ಜೆಂಟಿನ ಪಸೆ ಉಳಿದರೂ ಆಪರೇಶನ್ ಆದ ಒಂದೆರಡು ದಿನದಲ್ಲಿ ಕಣ್ಣಿನೊಳಗೆ ಉರಿಯೂತ ಏಳುತ್ತದೆ, ನೋಟ ಮಂಜಾಗುತ್ತದೆ. 2006ರಲ್ಲಿ ಅಮೆರಿಕ, ಕೆನಡಾಗಳಲ್ಲಿ ಇಂಥ ಪ್ರಕರಣಗಳು ದೊಡ್ಡ ಪ್ರಮಾಣದಲ್ಲಿ ಬಂದಾಗ ತನಿಖೆ ನಡೆಸಿದವರು ಬೊಟ್ಟು ಮಾಡಿದ್ದು ಮುಖ್ಯವಾಗಿ ಸಾಮಾನು ತೊಳೆದು ಜಾಲಿಸುವ ರೀತಿಯ ಕಡೆಗೇ. ಕೊಳೆ ಹೋಗಬೇಕು, ಕೊಳೆ ತೆಗೆದ ಸಾಬೂನೂ ಹೋಗಬೇಕು.

ಆಪರೇಶನ್ ಗಾಯ ಕೀವಾಗುವುದಕ್ಕೆಲ್ಲ ತೊಳೆಯದ ಕತ್ತರಿಯೇ ಕಾರಣ ಎಂದು ಮಾತ್ರ ಯಾರೂ ತಿಳಿಯಬಾರದು. ರೋಗಿಯ ಸಕ್ಕರೆ ಕಾಯಿಲೆ, ಚರ್ಮದ ಮೇಲಿನ ರೋಗಾಣು, ವೈದ್ಯರ ಕೈ, ಓ.ಟಿ.ಯ ಗಾಳಿ, ಮನೆಗೆ ಹೋದ ಮೇಲೆ ಗಾಯಕ್ಕೆ ಹಚ್ಚಿದ ಅರಿಸಿನದ ಲೇಪ, ಎಲ್ಲವೂ ಕಾರಣವಾಗಬಹುದು. ಯಾವ ಕಾರಣ ಎಂದು ಗೊತ್ತುಮಾಡಬೇಕಾದರೆ ಸಾಮಾನು ಸ್ವಚ್ಛವಿತ್ತು ಎಂಬುದಕ್ಕೆ ಪುರಾವೆ ಇರಬೇಕಲ್ಲವೇ? ಆ ಪುರಾವೆ ಆಸ್ಪತ್ರೆಯನ್ನೂ ಕಾಯುತ್ತದೆ.

ನೋಡುವುದು ಹೇಗೆ?

ಪುರಾವೆ ಹುಟ್ಟಿಸುವುದು ಕಷ್ಟದ ಕೆಲಸವಲ್ಲ. ಕೆಲವು ಪರೀಕ್ಷೆಗಳಿಗೆ ಚಹಾದ ಖರ್ಚಿಗಿಂತ ಹೆಚ್ಚು ಬೇಡ. ಚೆನ್ನಾದ ದೀಪ, ಅದರ ಕೆಳಗೆ ಒಂದು ಭೂತಗನ್ನಡಿ. ತೊಳೆದ ಸಾಮಾನಿನ ಕೀಲು, ಗೀರುಗಳನ್ನು ಅದರಲ್ಲಿ ನೋಡಿದರೆ ಬರಿಗಣ್ಣಿಗೆ ಕಾಣದ್ದು ಕಾಣುತ್ತದೆ. ಟೊಳ್ಳು ನಳಿಗೆಯಾದರೆ ಸಿರಿಂಜಿನಿಂದ ನೀರು ಹಾಯಿಸಿ ಬಿಳಿ ಬಟ್ಟೆಯ ಮೇಲೆ ಬಿಡಬೇಕು. ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಔಷಧದ ಅಂಗಡಿಯಲ್ಲಿ ಗಾಯಕ್ಕೆಂದು ಮಾರುವ ಹೈಡ್ರೋಜನ್ ಪೆರಾಕ್ಸೈಡ್‌ನ ಒಂದು ಹನಿ ಕೀಲಿಗೆ ಬಿಟ್ಟರೆ ರಕ್ತ ಉಳಿದಿದ್ದಲ್ಲಿ ನೊರೆ ಏಳುತ್ತದೆ. ನೊರೆ ಬಂದರೆ ಮತ್ತೆ ತೊಳೆಯಬೇಕು. ನೊರೆ ಬರಲಿಲ್ಲ ಎಂದ ಮಾತ್ರಕ್ಕೆ ಪೂರ್ತಿ ಸ್ವಚ್ಛ ಎಂದಲ್ಲ, ಏಕೆಂದರೆ ಕಾವಿಗೆ ಬೆಂದ ರಕ್ತ ನೊರೆ ಏಳಿಸದೆ ಇರಬಹುದು. ಪರೀಕ್ಷೆ ಮಾಡಿದ ಸಾಮಾನನ್ನು ಮತ್ತೊಮ್ಮೆ ಜಾಲಿಸಲು ಮರೆಯಬಾರದು.

ಧ್ವನಿತರಂಗದಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿ ಇರುವಲ್ಲಿ ಅದರ ಪರೀಕ್ಷೆ ಇನ್ನೂ ಸುಲಭ. ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯ ತುಂಡನ್ನು ನೀರಿನಲ್ಲಿ ಇಳಿಬಿಟ್ಟು ಕೆಲವು ನಿಮಿಷ ಯಂತ್ರ ನಡೆಸಬೇಕು. ಹಾಳೆಯ ತುಂಬ ಒಂದೇ ಸಮನೆ ಚುಕ್ಕೆ-ತೂತು ಬಿದ್ದರೆ ತೊಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆ. ಒಂದು ಮೂಲೆಯಲ್ಲಿ ಹಾಳೆ ನುಣ್ಣಗೇ ಉಳಿದರೆ ಆ ಮೂಲೆಯಲ್ಲಿಟ್ಟ ಸಾಮಾನು ಬರೇ ನೀರಲ್ಲಿ ಮಿಂದು ಬಂದಿದೆ ಎಂದೇ ಅರ್ಥ.

ವಾಷರ್ ಯಂತ್ರಕ್ಕೆ ಬೇರೆ ಪಟ್ಟಿ ಸಿಗುತ್ತವೆ. ಸ್ಟೀಲಿನ ಸಣ್ಣ ತಗಡಿನ ಮೇಲೆ ರಕ್ತದಂಥ ಕೆಂಪು ಕೊಳೆಯನ್ನು ಮೊದಲೇ ಬಳಿದು ಒಣಗಿಸಿರುತ್ತಾರೆ. ಅದನ್ನು ಸಾಮಾನಿನ ಜೊತೆಗೇ ಟ್ರೇಯಲ್ಲಿಟ್ಟು ಯಂತ್ರ ನಡೆಸುವುದು. ನಡುವಿನ ಟ್ರೇಯಲ್ಲಷ್ಟೇ ಇಟ್ಟು ‘ಪಾಸಾಯ್ತು’ ಎನ್ನುವ ಜಾಣತನ ಬೇಡ. ಮೇಲಿನ, ಕೆಳಗಿನ, ಮೂಲೆಯ ಟ್ರೇಗಳಲ್ಲೂ ಇಡಬೇಕು. ತಗಡು ಹೊಳೆಯುತ್ತ ಹೊರಬಂದರೆ ಸರಿ. ಕೆಂಪು ಉಳಿದರೆ ಅಲ್ಲಿಗೆ ನೀರು ಸರಿಯಾಗಿ ಮುಟ್ಟಿಲ್ಲ, ಇಲ್ಲವೇ ಮೊದಲೇ ಬಿಸಿನೀರು ಬಿದ್ದಿದೆ. ಕೆಂಪು ಹೋಗಿ ಬಿಳಿ ಜಾಲರಿಯಂಥದ್ದು ಉಳಿದರೆ ಡಿಟರ್ಜೆಂಟ್ ಸಾಲದು. ಎಲ್ಲಿ ತಪ್ಪಿದೆ ಎಂದು ತಗಡೇ ಹೇಳಿಬಿಡುತ್ತದೆ.

ಇನ್ನು ಕಣ್ಣಿಗೆ ಕಾಣದ ಉಳಿಕೆ. ಹತ್ತಿಯ ಕಡ್ಡಿಯಿಂದ ಸಾಮಾನನ್ನು ಒರೆಸಿ ನಿನ್‌ಹೈಡ್ರಿನ್ ಎಂಬ ರಾಸಾಯನಿಕಕ್ಕೆ ಒಡ್ಡಿದರೆ ಪ್ರೋಟೀನ್ ಇದ್ದಲ್ಲಿ ನೇರಳೆ ಬಣ್ಣ ಬರುತ್ತದೆ. ಎಟಿಪಿ ಮೀಟರ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವೂ ಉಂಟು, ಅರೆನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಆದರೆ ಒಂದು ಕಂಪನಿಯ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ, ಅಂಕಿ ಕಡಿಮೆ ಇದ್ದರೆ ಸೋಂಕು ಆಗುವುದೇ ಇಲ್ಲ ಎಂಬ ಖಾತ್ರಿಯೂ ಇಲ್ಲ. ಅದೇ ಆಸ್ಪತ್ರೆಯ ಹೋದ ವಾರದ ಅಂಕಿ, ಈ ವಾರದ ಅಂಕಿ ಹೋಲಿಸಿ ನೋಡಲು ಅದು ಉಪಯೋಗಿ. ಎಷ್ಟರ ಮಟ್ಟಿಗೆ ಸ್ವಚ್ಛವಾದರೆ ಸಾಕು ಎಂಬುದಕ್ಕೂ ಜಗತ್ತಿನಲ್ಲಿ ಲೆಕ್ಕವಿದೆ. ಒಂದು ಚದರ ಸೆಂಟಿಮೀಟರ್‌ಗೆ ಪ್ರೋಟೀನ್ 6.4 ಮೈಕ್ರೋಗ್ರಾಂಗಿಂತ ಕಡಿಮೆ ಇರಬೇಕು. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿಗೆ ಮೈಕ್ರೋಗ್ರಾಂ ಎನ್ನುತ್ತಾರೆ. ಇಂಗ್ಲೆಂಡಿನ ಮಾರ್ಗಸೂಚಿ ಇನ್ನೂ ಬಿಗಿ: ಸಾಮಾನಿನ ಒಂದು ಬದಿಗೆ ಒಟ್ಟು 5 ಮೈಕ್ರೋಗ್ರಾಂ ಮೀರಬಾರದು. ಹುಚ್ಚು ದನದ ರೋಗದ ಹೆದರಿಕೆಯಿಂದ ಅಲ್ಲಿಯ ಸರಕಾರ 2001ರಲ್ಲಿ ಸಾಮಾನು ಶುದ್ಧೀಕರಣದ ವ್ಯವಸ್ಥೆಗೆಂದೇ 20 ಕೋಟಿ ಪೌಂಡ್ ತೆಗೆದಿಟ್ಟಿತ್ತು. ಆ ರೋಗದ ಕಣ ಸಾದಾ ಆಟೋಕ್ಲೇವ್‌ಗೆ ಬಗ್ಗುವಂಥದ್ದಲ್ಲ. ಮೊದಲು ತೊಳೆದು ತೆಗೆದುಹಾಕುವುದೇ ದಾರಿ ಎಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

ದ್ರಾಕ್ಷಿಗಿರುವ ಕಾಳಜಿ

ಉಳಿಕೆ ಪರೀಕ್ಷೆ ಎಂಬ ಮಾತು ಸಾಂಗಲಿ ಜಿಲ್ಲೆಗೆ ಹೊಸದಲ್ಲ. ತಾಸಗಾಂವದ ದ್ರಾಕ್ಷಿ ಬೆಳೆಗಾರನನ್ನು ಕೇಳಿದರೆ ಹೇಳುತ್ತಾನೆ. ಯುರೋಪಿಗೆ ಮಾಲು ಕಳಿಸಬೇಕಾದರೆ ತೋಟದಿಂದ ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು, ಔಷಧದ ಉಳಿಕೆ ಮಿತಿಯೊಳಗಿದೆ ಎಂಬ ಕಾಗದ ಬರಬೇಕು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕದ ಉಳಿಕೆ ಹೆಚ್ಚಿದೆ ಎಂದು ಭಾರತದ ದ್ರಾಕ್ಷಿಯನ್ನು ಯುರೋಪಿನವರು ತಿರಸ್ಕರಿಸಿದಾಗ ಮಹಾರಾಷ್ಟ್ರದ ಬೆಳೆಗಾರರು ಅನುಭವಿಸಿದ ನಷ್ಟ ಹೇಳತೀರದು. ಅಂದಿನಿಂದ ಆ ಉಳಿಕೆಯನ್ನೂ ನೋಡುತ್ತಾರೆ. ಡೇರಿಯಲ್ಲಿ ಪ್ರತಿ ಕ್ಯಾನಿನ ಫ್ಯಾಟ್ ನೋಡುತ್ತಾರೆ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಿಕವರಿ ಅಳೆಯುತ್ತಾರೆ. ಪರದೇಶದವನು ತಿನ್ನುವ ದ್ರಾಕ್ಷಿಯ ಮೇಲೆ ಏನು ಉಳಿದಿದೆ ಎಂದು ನೋಡುವ ಜಿಲ್ಲೆಯಲ್ಲಿ ಆ ದ್ರಾಕ್ಷಿ ಬೆಳೆದ ರೈತನ ಹೊಟ್ಟೆಗೆ ಇಳಿಯುವ ಚಿಮಟದ ಮೇಲೆ ಏನು ಉಳಿದಿದೆ ಎಂದು ಯಾರಾದರೂ ನೋಡಬೇಡವೇ?

ನಿಯಮಗಳೇ ಇಲ್ಲ ಎಂದಲ್ಲ. ಕೇಂದ್ರ ಆರೋಗ್ಯ ಇಲಾಖೆ 2020ರ ಜನವರಿಯಲ್ಲಿ ಸೋಂಕು ತಡೆಯ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿದೆ. ಸರಕಾರಿ ಆಸ್ಪತ್ರೆಗಳ ಸ್ವಚ್ಛತೆಗೆ ಅಂಕ ಕೊಡುವ ಕಾಯಕಲ್ಪ ಯೋಜನೆ 2015ರಿಂದ ಇದೆ. ಖಾಸಗಿಯವರಿಗೆ ಎನ್‌ಎಬಿಎಚ್ ಮಾನ್ಯತೆ ಇದೆ. ಆದರೆ ತಪಾಸಣೆಯವರು ಬರುವುದು ತಾರೀಖು ಗೊತ್ತುಮಾಡಿಕೊಂಡು. ಸಾಮಾನು ತೊಳೆಯುವುದು ದಿನಾಲೂ, ಅದರಲ್ಲೂ ರಾತ್ರಿ ಎರಡಕ್ಕೆ ಹೆರಿಗೆ ಆಪರೇಶನ್ ಆದ ಮೇಲೆ.

ಗಡಿ ದಾಟಿದ ಗಾಯ

ಈ ವಿಷಯ ಗಡಿಯ ಕನ್ನಡಿಗರಿಗೆ ಹೆಚ್ಚು ಮುಟ್ಟುವುದಕ್ಕೆ ಒಂದು ಕಾರಣವಿದೆ. ಆಪರೇಶನ್ ಗಾಯದ ಸೋಂಕನ್ನು ಎಣಿಸುವ ರೂಢಿ 30 ದಿನಗಳವರೆಗೆ. ಕೀಲು ಬದಲಿಸಿದ್ದರೆ, ಒಳಗೆ ಪ್ಲೇಟ್ ಹಾಕಿದ್ದರೆ 90 ದಿನ. ರೋಗಿ ಆಸ್ಪತ್ರೆಯಲ್ಲಿರುವುದು ಮೂರೋ ನಾಲ್ಕೋ ದಿನ. ಐಸಿಎಂಆರ್ ದೆಹಲಿ, ಮುಂಬಯಿ, ಮಣಿಪಾಲಗಳ ಮೂರು ಆಸ್ಪತ್ರೆಗಳಲ್ಲಿ ಮೂರು ಸಾವಿರ ಚಿಲ್ಲರೆ ರೋಗಿಗಳ ಬೆನ್ನುಹತ್ತಿ ನಡೆಸಿದ ಅಧ್ಯಯನದಲ್ಲಿ ಶೇ. 5.2ರಷ್ಟು ಮಂದಿಗೆ ಗಾಯದ ಸೋಂಕು ಆಗಿತ್ತು. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಪತ್ತೆಯಾದದ್ದು ರೋಗಿ ಮನೆಗೆ ಹೋದ ಮೇಲೆ. ಅವು ಹೆಸರಾಂತ ಆಸ್ಪತ್ರೆಗಳು, ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆಯೂ ಇತ್ತು ಎಂಬುದನ್ನು ಮರೆಯಬಾರದು.

ಮಿರಜದಲ್ಲಿ ಆಪರೇಶನ್ ಮಾಡಿಸಿಕೊಂಡು ಅಥಣಿ ತಾಲೂಕಿನ ಹಳ್ಳಿಗೋ ಜತ್ತದ ಕೊನೆಯ ವಾಡಿಗೋ ಹೋದವನ ಗಾಯ ಇಪ್ಪತ್ತನೆಯ ದಿನಕ್ಕೆ ಕೀವಾದರೆ ಅವನೇನು ಮತ್ತೆ ಮಿರಜಕ್ಕೆ ಓಡುತ್ತಾನೆಯೇ? ಊರ ಡಾಕ್ಟರರ ಹತ್ತಿರ ಪಟ್ಟಿ ಕಟ್ಟಿಸಿಕೊಳ್ಳುತ್ತಾನೆ, ಇಂಜೆಕ್ಷನ್ ಮಾಡಿಸುತ್ತಾನೆ, ‘ನನ್ನ ದೈವ’ ಎನ್ನುತ್ತಾನೆ. ಮಿರಜದ ರಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ‘ಗುಣವಾಗಿ ಹೋದ’ ಎಂದೇ ಇರುತ್ತದೆ. ಊರ ಡಾಕ್ಟರರ ಚೀಟಿಯಲ್ಲಿ ಬರೇ ‘ಗಾಯ, ಡ್ರೆಸಿಂಗ್’. ಒಂದು ರಾಜ್ಯದಲ್ಲಿ ಆಪರೇಶನ್, ಇನ್ನೊಂದರಲ್ಲಿ ಸೋಂಕು. ಎರಡೂ ಕೂಡಿ ಒಂದು ಲೆಕ್ಕದಲ್ಲಿ ಸೇರುವುದೇ ಇಲ್ಲ. ಹತ್ತು ಹಳ್ಳಿಯ ಹತ್ತು ಜನಕ್ಕೆ ಹೀಗಾದರೂ ಆ ಹತ್ತೂ ಗಾಯ ಒಂದೇ ಟ್ರೇಯಿಂದ ಬಂದಿವೆಯೇ ಎಂದು ಕೇಳುವವರು ಇರುವುದಿಲ್ಲ. ಡಾಕ್ಟರರಿಗೂ ಗೊತ್ತಾಗುವುದಿಲ್ಲ ಎಂಬುದೇ ಇದರಲ್ಲಿನ ದೊಡ್ಡ ಪೇಚು.

2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಮಹಾತ್ಮಾ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಹಳ್ಳಿ-ಪಟ್ಟಣಗಳಿಗೆ ಅನ್ವಯಿಸಲು ಹೊರಟಾಗ ಎರಡೂ ಕಡೆ ಎಷ್ಟು ಹೇಳಿಕೆ, ಪ್ರತಿಹೇಳಿಕೆ! ಬಿಲ್ಲನ್ನು ಯಾವ ಸರಕಾರ ಕೊಡಬೇಕು ಎಂಬುದಕ್ಕೆ ನಡೆದ ಜಗಳದ ನೂರರಲ್ಲಿ ಒಂದು ಪಾಲು ಕಾಳಜಿ ಓ.ಟಿ.ಯ ಹಿಂದಿನ ಸಿಂಕಿನ ಬಗ್ಗೆ ಇದ್ದಿದ್ದರೆ ಈ ಮಾತು ಬರೆಯಬೇಕಾಗಿರಲಿಲ್ಲ.

ಆಗಬೇಕಾದ್ದೇನು?

‘ಇದೆಲ್ಲ ಖರ್ಚಿನ ಬಾಬತ್ತು, ಕೊನೆಗೆ ರೋಗಿಯ ಬಿಲ್ಲಿಗೇ ಬರುತ್ತದೆ’ ಎಂಬ ಮಾತು ಆಸ್ಪತ್ರೆಯವರಿಂದ ಬಂದೇ ಬರುತ್ತದೆ. ವಾಷರ್ ಯಂತ್ರಕ್ಕೆ ದೊಡ್ಡ ಬಂಡವಾಳ ಬೇಕು, ಹತ್ತು ಹಾಸಿಗೆಯ ನರ್ಸಿಂಗ್ ಹೋಂ ಅದನ್ನು ತರಲಾರದು, ನಿಜ. ಭೂತಗನ್ನಡಿ, ಪೆರಾಕ್ಸೈಡ್, ಬಿಳಿ ಬಟ್ಟೆ, ಒಂದು ರಜಿಸ್ಟರ್ ತರಲಾರದೇ? ಎಟಿಪಿ ಮೀಟರ್, ಪ್ರೋಟೀನ್ ಪರೀಕ್ಷೆಯಂಥವನ್ನು ಒಬ್ಬೊಬ್ಬರೇ ಕೊಳ್ಳಬೇಕೆಂದೇನೂ ಇಲ್ಲ. ವೈದ್ಯರ ಸಂಘಗಳು ಕೂಡಿ ಒಂದು ಇಟ್ಟು ಸರದಿಯಂತೆ ಬಳಸಬಹುದು. ಮಿರಜದಲ್ಲೇ ಸರಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿಯ ಸೂಕ್ಷ್ಮಜೀವಿ ವಿಭಾಗದವರು ಮನಸ್ಸು ಮಾಡಿದರೆ ಮಾವಶಿಯರಿಗೆ ಎರಡು ದಿನದ ತರಬೇತಿ, ತಿಂಗಳಿಗೊಮ್ಮೆ ಮಾದರಿ ಪರೀಕ್ಷೆ ನಡೆಸುವುದು ದೊಡ್ಡದಲ್ಲ. ಎರಡು ಸೆಟ್ಟಿನಲ್ಲಿ ಆರು ಆಪರೇಶನ್ ಮಾಡುವವರು ಒಂದೋ ಮೂರನೆಯ ಸೆಟ್ ತರಲಿ, ಇಲ್ಲವೇ ಆಪರೇಶನ್ ನಾಲ್ಕಕ್ಕೆ ಇಳಿಸಲಿ. ತೊಳೆಯುವ ಹೊತ್ತನ್ನು ಕದಿಯುವುದು ಮಾತ್ರ ಸಲ್ಲದು.

ರೋಗಿಗಳು ಸುಮ್ಮನೆ ಹೆದರುತ್ತಾರೆ ಎಂಬ ಇನ್ನೊಂದು ಆಕ್ಷೇಪ. ಬಿಲ್ಲಿನ ವಿಷಯದಲ್ಲೂ ಹಿಂದೆ ಇದೇ ಮಾತು ಇತ್ತು. 2021ರಲ್ಲಿ ಮಹಾರಾಷ್ಟ್ರ ಸರಕಾರ ನರ್ಸಿಂಗ್ ಹೋಂ ನಿಯಮಕ್ಕೆ ತಿದ್ದುಪಡಿ ತಂದು ದರಪಟ್ಟಿಯನ್ನೂ ರೋಗಿಗಳ ಹಕ್ಕುಗಳ ಸನದನ್ನೂ ಕಾಣುವಂತೆ ಹಚ್ಚಬೇಕೆಂದಿತು. ಅದರ ಪಕ್ಕದಲ್ಲೇ ಇನ್ನೊಂದು ಹಾಳೆ ಹಚ್ಚಿದರಾಯಿತು: ಈ ವಾರ ತೊಳೆದ ಸಾಮಾನಿನಲ್ಲಿ ಎಷ್ಟನ್ನು ಪರೀಕ್ಷಿಸಲಾಯಿತು, ಎಷ್ಟನ್ನು ಮತ್ತೆ ತೊಳೆಯಲು ಕಳಿಸಲಾಯಿತು. ಮರಾಠಿಯಲ್ಲೂ ಕನ್ನಡದಲ್ಲೂ. ‘ಒಂದೂ ವಾಪಸ್ ಹೋಗಿಲ್ಲ’ ಎಂದು ವರ್ಷವಿಡೀ ಬರೆಯುವ ಆಸ್ಪತ್ರೆಗಿಂತ ‘ಮೂರು ವಾಪಸ್ ಹೋದವು’ ಎಂದು ಬರೆಯುವ ಆಸ್ಪತ್ರೆಯನ್ನು ನಂಬುವುದು ಮೇಲು. ಅಲ್ಲಿ ನಿಜವಾಗಿ ನೋಡುತ್ತಿದ್ದಾರೆ.

ಮನೆಯವರೂ ಕೇಳಲು ಕಲಿಯಬೇಕು. ಜಗಳಕ್ಕಲ್ಲ, ತಿಳಿಯಲಿಕ್ಕೆ. ‘ಸಿಸ್ಟರ್ ಬಾಯಾರ, ದುರ್ಬೀನ್ ಸಾಮಾನ ಆಟೋಕ್ಲೇವ್ ಮಾಡ್ತೀರೋ ಬರೇ ಔಷಧದಾಗ ಅದ್ದತೀರೋ? ತೊಳದ ಮ್ಯಾಲ ಯಾರ ನೋಡ್ತಾರ್ರಿ? ಬರದ ಇಡ್ತೀರೇನ್ರಿ?’ ಎಂದು ಆಪರೇಶನ್‌ನ ಹಿಂದಿನ ದಿನವೇ ಕೇಳಿದರೆ ಸಾಕು. ಆಪರೇಶನ್ ನಡೆದ ದಿನ ಯಾವ ಸೆಟ್ ಬಳಸಿದರು ಎಂಬ ನಂಬರನ್ನು ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಬೇಕು. ಮುಂದೆ ಏನಾದರೂ ಆದರೆ ಹುಡುಕಲು ಅದೊಂದೇ ಸುಳಿವು.

ಎಲ್ಲಕ್ಕೂ ಅಗ್ಗದ ಕೆಲಸ ಫೋನಿನದು. ಡಿಸ್ಚಾರ್ಜ್ ಕಾರ್ಡಿನಲ್ಲಿ ರೋಗಿಯ ನಂಬರ್ ಇರುತ್ತದೆ. ಹತ್ತನೆಯ ದಿನಕ್ಕೊಮ್ಮೆ, ಮೂವತ್ತನೆಯ ದಿನಕ್ಕೊಮ್ಮೆ ಆಸ್ಪತ್ರೆಯಿಂದ ಫೋನ್ ಮಾಡಿ ‘ಗಾಯ ಹೆಂಗೈತ್ರಿ? ನೀರು, ಕೀವು ಏನರ ಬರಾಕತ್ತೇತೇನು?’ ಎಂದು ಕೇಳಿ ಬರೆದಿಟ್ಟುಕೊಳ್ಳಲಿ. ಕೀವು ಇದೆ ಎಂದರೆ ಸೆಟ್ಟಿನ ನಂಬರ್ ತೆಗೆದು, ಅದೇ ದಿನ ಅದೇ ಸೆಟ್ಟಿನಲ್ಲಿ ಆಪರೇಶನ್ ಆದ ಉಳಿದವರಿಗೂ ಫೋನ್ ಹೋಗಲಿ. ಮಿರಜ, ಸಾಂಗಲಿಯ ದವಾಖಾನಿಗಳಲ್ಲಿ ಕನ್ನಡ ಬಲ್ಲ ನರ್ಸುಗಳಿಗೆ, ರಿಸೆಪ್ಶನ್ ಹುಡುಗಿಯರಿಗೆ ಬರವಿಲ್ಲ. ಒಬ್ಬರಿಗೆ ದಿನಕ್ಕೆ ಅರ್ಧ ತಾಸು ಬಿಡುವು ಕೊಟ್ಟು ಫೋನಿನ ಮುಂದೆ ಕೂಡಿಸಿದರೆ ಕೆಲಸ ಶುರುವಾಗುತ್ತದೆ.